ಮುಂಡಪ್ಪಣ್ಣನ ಹೋಟೆಲಿನ ಹಿಂಬಾಗಿಲು

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ಅಮ್ಮ ಕಲಿಸಿದ್ದರು. ನಾನು ಕಲಿತೂ ಇದ್ದೆ. ಆದರೆ ಮದುವೆಯಾಗಿ ಬಂದವಳು ಒಬ್ಬಳೇ ಬಸ್ಸು ಹತ್ತಿದ ಮೊದಲ ದಿನವೇ ಆ ಕಲಿಕೆ ನೀರುಪಾಲಾಯಿತು. ಕಂಡಕ್ಟರು "ಎಲ್ಲಿಗೆ ಅಕ್ಕ?" ಎಂದು ಕೇಳಿದಾಗ ಹೇಳದೆ ಬೇರೆ ದಾರಿ ಇರಲಿಲ್ಲ. "ಮುಂಡಪ್ಪಣ್ಣನ ಹೋಟೆಲು" ಎಂದೆ. ಹಿಂದಿನ ಸೀಟಿನ ಹೆಂಗಸರು ಕಿಸಕ್ಕನೆ ನಕ್ಕರು. ನಗಲಿ, ನಿಮ್ಮ ಗಂಡಂದಿರ ಹೆಸರಿಗೆ ಎಲ್ಲಿಯಾದರೂ ಬಸ್ಸು ನಿಲ್ಲುತ್ತದಾ ಎಂದು ಮನಸ್ಸಿನಲ್ಲೇ ಕೇಳಿ ಇಳಿದೆ. ಈಗ ನನಗೆ ಎಪ್ಪತ್ತೆರಡು. ಇವತ್ತಿಗೂ ಇವರ ಹೆಸರನ್ನು ನಾನು ಬಸ್ಸಿನಲ್ಲಿ ಮಾತ್ರ ಹೇಳುತ್ತೇನೆ.

ಬೆಳ್ತಂಗಡಿಯಿಂದ ಚಾರ್ಮಾಡಿಗೆ ಹೋಗುವ ರಸ್ತೆಯಲ್ಲಿ, ಮುಂಡಾಜೆ ದಾಟಿ ಸ್ವಲ್ಪ ಮುಂದೆ ನಮ್ಮ ಸ್ಟಾಪು. ಹೋಟೆಲು ಈಗ ಇಲ್ಲ. ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಹೋಯಿತು. ಅದಕ್ಕೆ ಅಂಟಿಕೊಂಡಿದ್ದ ಮಮ್ಮು ಬ್ಯಾರಿಗಳ ಅಂಗಡಿಯೂ, ಆ ಅಂಗಡಿಯ ಮಾಳಿಗೆಯಲ್ಲಿ ನೋಣಯ್ಯ ಟೈಲರು ಇದ್ದ ಕೋಣೆಯೂ ಒಟ್ಟಿಗೇ ಹೋದವು. ಮೇಜು ಬೆಂಚು ಇದ್ದ ಜಾಗ ಟಾರಿನ ಅಡಿಗೆ ಹೋಯಿತು. ನನ್ನ ಅಡುಗೆಕೋಣೆ ಇದ್ದಲ್ಲಿ ಕಾಂಕ್ರೀಟಿನ ಚರಂಡಿ, ಅದರ ಮೇಲೆ ಚಪ್ಪಡಿ. ಹೋಟೆಲಿನ ಹಿಂದೆ ಇದ್ದ ನಮ್ಮ ಮನೆಯೂ, ಅಂಗಡಿಯ ಹಿಂದೆ ಇದ್ದ ಮಮ್ಮು ಬ್ಯಾರಿಗಳ ಹೆಂಡತಿ ಆಸ್ಯಮ್ಮನ ಮನೆಯೂ ಉಳಿದವು.

ಹೋಟೆಲು ಬಿದ್ದ ದಿನದಿಂದ ನಮ್ಮವರು ಮನೆ ಎದುರಿನ ರಸ್ತೆಗೆ ಕಾಲಿಡಲಿಲ್ಲ. ಮುಂಡಾಜೆಗೆ ಹೋಗಬೇಕಾದರೂ ಹಿಂದೆ ನೀರು ಹರಿಯುವ ತೋಡಿನ ಬದಿಯಲ್ಲೇ ನಡೆದು, ಮುಳ್ಳು ಚುಚ್ಚಿಸಿಕೊಂಡು, ಆಚೆಯ ಸ್ಟಾಪಿನಲ್ಲಿ ಬಸ್ಸು ಹತ್ತುತ್ತಿದ್ದರು. ನಾನು ಬೈದೆ, ಅತ್ತೆ, ದಮ್ಮಯ್ಯ ಹಾಕಿದೆ. ಒಂದೇ ಮಾತು: "ನಾನು ಗಲ್ಲಾದಲ್ಲಿ ಕೂತ ಜಾಗದ ಮೇಲೆ ಲಾರಿ ಹೋಗುವುದನ್ನು ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ ನೀಲಾ."

ಹೀಗಿರುವಾಗ ಮೊಮ್ಮಗಳು ಪ್ರಾಪ್ತಿಗೆ ಸಂಬಂಧ ಕೂಡಿ ಬಂತು. ಹುಡುಗ ಮೂಡುಬಿದಿರೆಯವನು, ಶ್ರವಣ್ ಎಂದು ಹೆಸರು. ಹುಡುಗಿ ನೋಡುವುದೆಲ್ಲ ಹೊರಗೆಯೇ ಆಗಿತ್ತು, ಅವರ ಕಡೆಯವರು ನಮ್ಮ ಮನೆ ನೋಡಿದವರಲ್ಲ. ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಎಂದಾಯಿತು. ಒಂದು ಸಣ್ಣ ಆಮಂತ್ರಣ ಪತ್ರಿಕೆ ಮಾಡಿಸುವ ಎಂದು ನನ್ನ ಮಗ ಶೋಧನ್, ಅಂದರೆ ಪ್ರಾಪ್ತಿಯ ಅಪ್ಪ, ಊಟಕ್ಕೆ ಕೂತಲ್ಲಿ ಮಾತೆತ್ತಿದ. ಅವನಿಗೆ ಉಜಿರೆಯಲ್ಲಿ ಮೊಬೈಲ್ ಅಂಗಡಿ ಉಂಟು.

"ಅಪ್ಪಾ, ಅಡ್ರೆಸ್ ಎಂಥ ಹಾಕುವ?"

"ಎಂಥ ಹಾಕುವುದು? ಮುಂಡಪ್ಪಣ್ಣನ ಹೋಟೆಲಿನ ಹಿಂದೆ ಅಂತ ಹಾಕು."

ಶೋಧನ್ ನಕ್ಕ. "ಹೋಟೆಲು ಎಲ್ಲುಂಟಪ್ಪಾ ಈಗ? ಮೂಡುಬಿದಿರೆಯವರು ಬಂದು ಹುಡುಕಿದರೆ ಎಂಥ ತೋರಿಸ್ತೀರಿ? ಗಾಳಿಯನ್ನಾ?"

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅದು ನನಗೂ ಗೊತ್ತು. ಆದರೆ ಇವರ ಕೈ ಬಟ್ಟಲಿನಲ್ಲೇ ನಿಂತಿತು. ಅನ್ನ ಅರ್ಧ ಬಿಟ್ಟು ಕೈ ತೊಳೆಯಲು ಎದ್ದರು. ನನಗೆ ಮಂಡೆ ಬಿಸಿ ಏರಿತು. "ಆ ಗಾಳಿಯೇ ನಿನಗೆ ಹೊಟ್ಟೆಗೆ ಹಾಕಿ, ಓದಿಸಿ, ಅಂಗಡಿ ಇಟ್ಟುಕೊಟ್ಟದ್ದು. ಹಣೆ ಮುಟ್ಟಿ ನೋಡು, ಅದರ ಬಾಗಿಲಿನ ಗುರುತು ಇನ್ನೂ ಉಂಟು" ಎಂದೆ.  ಮಾರನೆಯ ದಿನ ನಾನೇ ಬೆಳ್ತಂಗಡಿಯ ಪ್ರೆಸ್ಸಿಗೆ ಫೋನು ಮಾಡಿ, ಪತ್ರಿಕೆಯಲ್ಲಿ "ಮುಂಡಪ್ಪಣ್ಣನ ಹೋಟೆಲಿನ ಹಿಂದಿನ ಮನೆ" ಎಂದು ಹಾಕಿಸಿದೆ. ಬೇರೆ ಒಂದಕ್ಷರ ವಿಳಾಸವಿಲ್ಲ.

ಅಚ್ಚಾಗಿ ಬಂದದ್ದನ್ನು ನೋಡಿ ಶೋಧನ್ ತಲೆಗೆ ಕೈ ಕೊಟ್ಟ. "ಅಮ್ಮಾ, ಅವರು ದಾರಿ ತಪ್ಪಿ ಮುಹೂರ್ತ ಮೀರಿದರೆ?"

"ಮೀರಿದರೆ ನನ್ನನ್ನು ಕೇಳು" ಎಂದೆ. ಹೇಳುವುದೇನೋ ದೊಡ್ಡದಾಗಿ ಹೇಳಿಬಿಟ್ಟೆ. ಆದರೆ ಅವರು ನಿಜವಾಗಿ ದಾರಿ ತಪ್ಪಿದರೆ, ಹೋಟೆಲು ಇಲ್ಲ ಎಂಬುದು ಊರೆದುರು, ಬೀಗರೆದುರು ಸಾಬೀತಾಗುತ್ತದೆ. ಆಮೇಲೆ ಇವರು ತೋಡಿನ ಬದಿಯಿಂದಲೂ ಹೊರಗೆ ಹೋಗಲಾರರು ಎಂದು ನನಗೆ ಹೆದರಿಕೆಯಿತ್ತು.

ಆ ಹೋಟೆಲು ಎಂಥದ್ದಾಗಿತ್ತು ಎಂದು ಇಲ್ಲಿ ಹೇಳಿಯೇ ಬಿಡುತ್ತೇನೆ, ಮತ್ತೆ ಯಾರು ಹೇಳುತ್ತಾರೆ? ಹಂಚಿನ ಮಾಡು, ಮಣ್ಣಿನ ಗೋಡೆ, ಎದುರಿಗೆ ಉದ್ದಕ್ಕೆ ಒಂದು ಜಗಲಿ. ಬೆಳಗ್ಗೆ ಬನ್ಸ್, ಕಡ್ಲೆ ಗಸಿ, ನೀರುದೋಸೆ. ಸಂಜೆ ಗೋಳಿಬಜೆ. ಬನ್ಸಿಗೆ ಹಿಂದಿನ ರಾತ್ರಿಯೇ ಬಾಳೆಹಣ್ಣು ಹಿಚುಕಿ ಹಿಟ್ಟು ಕಲಸಿಡುತ್ತಿದ್ದವಳು ನಾನು. ಹಣ್ಣು ಕಪ್ಪಾಗಿರಬೇಕು, ಚಂದದ ಹಳದಿ ಹಣ್ಣಿನಲ್ಲಿ ಬನ್ಸ್ ಆಗುವುದಿಲ್ಲ. ಮಳೆಗಾಲದಲ್ಲಿ ಘಾಟಿ ಜರಿದು ಬಸ್ಸುಗಳು ಸಾಲಾಗಿ ನಿಂತಾಗ ಇಡೀ ಬಸ್ಸಿನವರಿಗೆ ಇವರು ಗಂಜಿ ಬಡಿಸಿದ್ದಾರೆ. ಮಕ್ಕಳನ್ನು ಬೆಂಚಿನ ಮೇಲೆ ಮಲಗಿಸಿ, ತಾವು ಗಲ್ಲಾದಲ್ಲೇ ಕೂತು ಬೆಳಗು ಮಾಡಿದ್ದಾರೆ. ಶಾಲೆಗೆ ದೂರದ ಊರಿನಿಂದ ಬಂದ ಮೇಷ್ಟ್ರುಗಳೆಲ್ಲ ಮೊದಲ ತಿಂಗಳು ಉಂಡದ್ದು ನಮ್ಮಲ್ಲೇ.

ಪಕ್ಕದಲ್ಲಿ ಮಮ್ಮು ಬ್ಯಾರಿಗಳ ಅಂಗಡಿ. ಹಗ್ಗ, ಕೊಡೆ, ಲಾಟೀನು, ಉಪ್ಪು, ಹೊಗೆಸೊಪ್ಪು, ಅಲ್ಲಿ ಸಿಗದ್ದು ಬೆಳ್ತಂಗಡಿಯಲ್ಲೂ ಸಿಗುತ್ತಿರಲಿಲ್ಲ. ಮಾಳಿಗೆಯ ಮೇಲೆ ನೋಣಯ್ಯ ಟೈಲರ ಮೆಷಿನು ಕಟಕಟ ಎನ್ನುತ್ತಿತ್ತು. ಈ ಸುತ್ತಿನ ಎಲ್ಲ ಶಾಲೆಮಕ್ಕಳ ಚಡ್ಡಿಯೂ ಅವನು ಹೊಲಿದದ್ದೇ, ಎಲ್ಲವೂ ಎರಡು ಬೆರಳು ದೊಡ್ಡದೇ. "ಬೆಳೆಯುವ ಮಕ್ಕಳಲ್ವಾ ನೀಲಕ್ಕ" ಎನ್ನುತ್ತಿದ್ದ. ಹೋಟೆಲಿಗೂ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಈಚೆಯಿಂದ ಚಹಾ ಹೋಗುತ್ತಿತ್ತು. ಆಚೆಯಿಂದ ಬೆಂಕಿಪೊಟ್ಟಣ ಬರುತ್ತಿತ್ತು, ಆಸ್ಯಮ್ಮ ಗಂಡನಿಗೆ ಬೈಯುವುದೂ ಪೂರ್ತಿಯಾಗಿ ಬರುತ್ತಿತ್ತು. ನೋಣಯ್ಯನೂ ಬ್ಯಾರಿಗಳೂ ಕಟ್ಟಡ ಬೀಳುವುದನ್ನು ನೋಡದೆ ಮೊದಲೇ ತೀರಿಕೊಂಡರು.

ರಸ್ತೆಯ ಅಳತೆಗೆ ಬಂದ ಆಫೀಸರು ಆ ಗೋಡೆಯ ಎದುರು ನಿಂತು "ಇದು ಯಾರದ್ದು? ಪರಿಹಾರ ಯಾರಿಗೆ?" ಎಂದು ಕೇಳಿದರು. "ಅದು ಬ್ಯಾರಿಗಳದ್ದು" ಎಂದರು ನಮ್ಮವರು. ಆಸ್ಯಮ್ಮನನ್ನು ಕೇಳಿದರೆ, "ಅದು ಮುಂಡಪ್ಪಣ್ಣನದ್ದು, ನಮ್ಮದಲ್ಲ" ಎಂದಳು. ಆಫೀಸರಿಗೆ ತಲೆಕೆಟ್ಟು ಹೋಯಿತು. "ಎಲ್ಲ ಕಡೆ ನಂದು ನಂದು ಅಂತ ಜಗಳ ಮಾಡ್ತಾರೆ ಮಾರಾಯ್ರೆ, ನೀವು ಅವರದ್ದು ಅಂತ ಜಗಳ ಮಾಡ್ತೀರಲ್ಲ" ಎಂದು ಬೆವರು ಒರೆಸಿಕೊಂಡು ಹಿಂದೆ ಕೈ ತೊಳೆಯಲು ಹೊರಟರು. ಗಲ್ಲಾದಿಂದ ಇವರು "ತಲೆ!" ಎಂದು ಕೂಗುವಷ್ಟರಲ್ಲಿ ಅವರ ಹಣೆ ಬಾಗಿಲ ಅಡ್ಡಪಟ್ಟಿಗೆ ಬಡಿದಾಗಿತ್ತು.

ಅದೊಂದು ಬಾಗಿಲು! ಕೈ ತೊಳೆಯಲಿಕ್ಕೂ ನಮ್ಮ ಅಂಗಳಕ್ಕೂ ಅದೇ ದಾರಿ. ಹೋಟೆಲಿನ ಹಿಂಬಾಗಿಲು ಎಷ್ಟು ಗಿಡ್ಡ ಎಂದರೆ, ನನ್ನಂಥ ಕುಳ್ಳಿಯನ್ನು ಬಿಟ್ಟು ಎಲ್ಲರೂ ತಲೆ ತಗ್ಗಿಸಬೇಕಿತ್ತು. ಎತ್ತರ ಮಾಡಿಸಿ ಎಂದರೆ ಇವರು ಕೇಳಲಿಲ್ಲ. ಅದರ ಬದಲು ಗಲ್ಲಾದಲ್ಲಿ ಕೂತು, ಯಾರು ಹಿಂದೆ ಹೋದರೂ, ಎದುರಿನ ಗಿರಾಕಿಯ ಜೊತೆ ಮಾತಾಡುತ್ತಲೇ "ತಲೆ!" ಎಂದು ಕೂಗುತ್ತಿದ್ದರು. ಇಡೀ ಜೀವನದಲ್ಲಿ ಇವರು ಜೋರಾಗಿ ಆಡಿದ ಮಾತು ಅದೊಂದೇ. ಶೋಧನ್ ಮೀಸೆ ಮೂಡುವ ವಯಸ್ಸಿನಲ್ಲಿ ಒಮ್ಮೆಲೇ ಎತ್ತರವಾಗಿ, ಅಭ್ಯಾಸದಂತೆ ಓಡಿಹೋಗಿ ಹಣೆ ಒಡೆದುಕೊಂಡಿದ್ದ.

ನಿಶ್ಚಿತಾರ್ಥದ ದಿನ ಬಂತು. ಹೋಟೆಲು ಹೋದ ಮೇಲೆ ನಾನು ಬನ್ಸ್ ಮಾಡುವುದನ್ನೇ ಬಿಟ್ಟಿದ್ದೆ. ಆದರೆ ಪ್ರಾಪ್ತಿಯದ್ದು ಒಂದೇ ಹಠ, "ಅಜ್ಜಿ, ನನ್ನ ನಿಶ್ಚಿತಾರ್ಥಕ್ಕೆ ನಿಮ್ಮ ಬನ್ಸ್ ಇಲ್ಲದಿದ್ದರೆ ಆಗುವುದಿಲ್ಲ." ಹಾಗಾಗಿ ಬೆಳಿಗ್ಗೆ ಬೇಗ ಎದ್ದು ಬಾಣಲೆ ಇಟ್ಟೆ. ಅಂಗಳದಲ್ಲಿ ಚಪ್ಪರ, ಊರಿನ ಜನ ಎಲ್ಲ ಬಂದು ಕೂತರು. ಆಸ್ಯಮ್ಮನ ಮೊಮ್ಮಗಳು ರಶೀನಾ ಪ್ರಾಪ್ತಿಗೆ ಮಲ್ಲಿಗೆ ಮುಡಿಸುತ್ತಿದ್ದಳು. ಗಂಡಿನ ಕಡೆಯವರ ಪತ್ತೆ ಮಾತ್ರ ಇಲ್ಲ.

ನಮ್ಮಲ್ಲಿ ಮೊಬೈಲು ಸಿಗುವುದು ಬಾವಿಯ ಹತ್ತಿರ ನಿಂತರೆ ಮಾತ್ರ. ಶೋಧನ್ ಅಲ್ಲಿ ನಿಂತು "ಹಲೋ, ಹಲೋ" ಎಂದು ಬೊಬ್ಬೆ ಹೊಡೆದು, ಬಿಳಿಚಿದ ಮುಖದಲ್ಲಿ ಬಂದ.

"ಅವರು ಉಜಿರೆಯಲ್ಲಿ ನನ್ನ ಅಂಗಡಿಯ ಎದುರು ನಿಂತಿದ್ದಾರೆ ಅಮ್ಮಾ. ಲೈನು ಕಟ್ಟಾಯ್ತು."

"ಅಲ್ಲಿಗೆ ಯಾಕೆ ಹೋದರು?"

ಅವನು ತಡವರಿಸಿದ. ನಾನು ಹಾಕಿಸಿದ ವಿಳಾಸದ ಮೇಲೆ ನಂಬಿಕೆ ಇಲ್ಲದೆ, ಮೊಬೈಲಿನಲ್ಲಿ ಲೊಕೇಶನ್ ಕಳಿಸಿದ್ದನಂತೆ. ಕಳಿಸಿದ್ದು ಮನೆಯಿಂದ ಅಲ್ಲ, ಅಂಗಡಿಯಲ್ಲಿ ಕೂತು. ಇವನು ಕೂತ ಜಾಗವೇ ಅವರಿಗೆ ಹೋಗಿದೆ. ಮೊಬೈಲು ಮಾರಿ ಬದುಕುವವನು! "ಗಾಳಿ ತೋರಿಸ್ತೀರಾ ಅಂತ ಅಪ್ಪನನ್ನು ಕೇಳಿದೆ. ನೀನು ಬೀಗ ಹಾಕಿದ ಶಟರು ತೋರಿಸಿದೆಯಲ್ಲಾ ಮಾರಾಯ" ಎಂದೆ. ಅವನು ಕಾರು ಹತ್ತಿ ಉಜಿರೆ ಕಡೆಗೆ ಹೊರಟ.

ಆ ಕಡೆ ನಡೆದದ್ದನ್ನು ಆಮೇಲೆ ನನಗೆ ಹೇಳಿದ್ದು ಶ್ರವಣನ ಅಜ್ಜಿ. ಮುಚ್ಚಿದ ಅಂಗಡಿಯ ಎದುರು ನಿಂತ ಅವರ ಕೈಯಲ್ಲಿ ಉಳಿದದ್ದು ನನ್ನ ಪತ್ರಿಕೆ ಒಂದೇ. ಅಲ್ಲಿಯ ರಿಕ್ಷಾದವನಿಗೆ ಅದನ್ನು ತೋರಿಸಿದರು. "ಮುಂಡಪ್ಪಣ್ಣನ ಹೋಟೆಲಾ? ಸೀದಾ ಚಾರ್ಮಾಡಿ ರಸ್ತೆ ಹಿಡಿಯಿರಿ, ಮುಂಡಾಜೆ ಕಳೆದು ಎಡಬದಿಗೆ" ಎಂದ. ಸೋಮಂತಡ್ಕದಲ್ಲಿ ಮೀನು ಮಾರುವ ಹೆಂಗಸನ್ನು ಕೇಳಿದರೆ, "ಬನ್ಸಿಗಾ? ತಡ ಮಾಡಿದರೆ ಮುಗಿದುಹೋಗ್ತದೆ, ಬೇಗ ಹೋಗಿ" ಎಂದು ಕತ್ತಿಯಲ್ಲೇ ದಾರಿ ತೋರಿಸಿದಳು. ಮುಂಡಾಜೆಯಲ್ಲಿ ಚಾರ್ಮಾಡಿ ಬಸ್ಸಿನ ಕಂಡಕ್ಟರು ಶರೀಫ್ ಸಿಕ್ಕಿ, "ನಮ್ಮ ಹಿಂದೆಯೇ ಬನ್ನಿ, ಹೋಟೆಲಿನ ಬುಡದಲ್ಲೇ ನಿಲ್ಲಿಸ್ತೇನೆ" ಎಂದ. ಹೋಟೆಲು ಹೋಗಿ ಎರಡು ವರ್ಷವಾಯಿತು ಎಂದು ಒಬ್ಬರಾದರೂ ಹೇಳಲಿಲ್ಲ.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ನಮ್ಮ ಕಡೆ ದಾರಿ ಹೇಳುವುದೇ ಹಾಗೆ. ಕಡಿದುಹಾಕಿದ ಮಾವಿನ ಮರದ ಹತ್ತಿರ ಎಡಕ್ಕೆ, ಮುಚ್ಚಿಹೋದ ಟಾಕೀಸಿನಿಂದ ಮೇಲೆ, ಸತ್ತುಹೋದ ಶ್ಯಾನುಭೋಗರ ಮನೆಯಿಂದ ಕೆಳಗೆ. ಪರವೂರಿನವರಿಗೆ ಇದು ಉಪದ್ರ ಅನಿಸಬಹುದು. ನಮಗೆ ಇದರಿಂದ ಯಾವತ್ತೂ ದಾರಿ ತಪ್ಪಿದ್ದಿಲ್ಲ.

ಅಡುಗೆಮನೆಯಲ್ಲಿದ್ದ ನನಗೆ ಬಸ್ಸು ನಿಂತ ಸದ್ದು ಕೇಳಿತು, ಸೀಟಿ ಕೇಳಿತು, ಶರೀಫನ ಗಂಟಲೂ ಕೇಳಿತು. "ಮುಂಡಪ್ಪಣ್ಣನ ಹೋಟೆಲ್, ಹೋಟೆಲ್, ಹೋಟೆಲ್!" ಎಣ್ಣೆ ಕೈಯನ್ನು ಸೆರಗಿಗೆ ಒರೆಸಿ ಚಪ್ಪರಕ್ಕೆ ಓಡಿದೆ. ಇವರು ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಾಲು ಹಾಕಿ ಕುರ್ಚಿಯಲ್ಲಿ ಕಲ್ಲಾಗಿ ಕೂತಿದ್ದರು.

"ಬೀಗರು ಬಂದಿದ್ದಾರೆ, ಏಳಿ. ಯಜಮಾನರೇ ಹೋಗಿ ಕರೀಬೇಕು."

"ಶೋಧನ್ ಬರಲಿ."

"ಶೋಧನ್ ಉಜಿರೆಯಲ್ಲಿ ಶಟರು ನೋಡ್ತಾ ಇರಬಹುದು. ಏಳಿ ಅಂದೆ."

"ರಸ್ತೆಗೆ ನಾನು ಹೋಗುವುದಿಲ್ಲ ಅಂತ ನಿನಗೆ ಗೊತ್ತುಂಟಲ್ಲ ನೀಲಾ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ರಸ್ತೆಗೆ ಯಾರು ಹೋಗ್ಲಿಕ್ಕೆ ಹೇಳಿದ್ದು?" ಎಂದೆ. "ಹೋಟೆಲಿಗೆ ಹೋಗಿ. ಗಿರಾಕಿ ಬಂದು ನಿಂತಿದ್ದಾರೆ."

ಇವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಎದ್ದು, ಶಾಲು ಸರಿ ಮಾಡಿಕೊಂಡು ಹೊರಟರು. ನಾನು ಬೆಲ್ಲ ನೀರಿನ ತಟ್ಟೆ ಹಿಡಿದು ಹಿಂದೆಯೇ ನಡೆದೆ.

ರಸ್ತೆಯ ಅಂಚಿನಲ್ಲಿ ಒಂದು ಟೆಂಪೋ, ಎರಡು ಕಾರು. ರೇಷ್ಮೆ ಸೀರೆ ಉಟ್ಟ ಹೆಂಗಸರು, ಪಂಚೆ ಎತ್ತಿ ಕಟ್ಟಿದ ಗಂಡಸರು ಬಿಸಿಲಿನಲ್ಲಿ ನಿಂತು ಸುತ್ತ ನೋಡುತ್ತಿದ್ದರು. ನೋಡಲು ಏನಿದೆ? ಟಾರು, ಬಿಳಿ ಗೆರೆ, ಚರಂಡಿಯ ಚಪ್ಪಡಿ. ಹುಡುಗನ ಒಬ್ಬ ಮಾವ ಶರೀಫನ ಮೇಲೆ ರೇಗುತ್ತಿದ್ದ. "ತಮಾಷೆ ಮಾಡ್ತೀಯಾ? ಎಲ್ಲಿ ಹೋಟೆಲು?" ಶರೀಫ್ ಬಸ್ಸಿನ ಮೆಟ್ಟಿಲಲ್ಲಿ ನಿಂತವನು ನಮ್ಮವರನ್ನು ಕಂಡು ಕೈ ತೋರಿಸಿದ. "ಅಗೋ, ಮುಂಡಪ್ಪಣ್ಣನೇ ಬಂದರು. ಅವರನ್ನೇ ಕೇಳಿ."

ವರನ ಅಜ್ಜಿ ಪತ್ರಿಕೆ ಹಿಡಿದು ಮುಂದೆ ಬಂದರು. ಹಸಿವು, ಬಿಸಿಲು, ಮುಖ ಬಾಡಿತ್ತು. "ಇದರಲ್ಲಿ ಹೋಟೆಲಿನ ಹಿಂದಿನ ಮನೆ ಅಂತ ಉಂಟು. ಹೋಟೆಲು ಎಲ್ಲಿ?"

 ಎದುರಿನಿಂದ ಒಂದು ಲಾರಿ ಬಂದು ದಾಟಿ ಹೋಯಿತು. ಇವರು ಅದನ್ನು ನೋಡಿದರು, ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು.  ಹೋಟೆಲು ಇಲ್ಲ ಎಂದು ಇವರ ಬಾಯಿಂದಲೇ ಬಂದರೆ ನಾನು ಏನು ಮಾಡಲಿ?

"ನೀವು ಹೋಟೆಲಿನ ಒಳಗೇ ನಿಂತಿದ್ದೀರಿ" ಎಂದರು ಇವರು. "ಅದು ಗಲ್ಲಾ. ಆಚೆ ಸಾಲಿನಲ್ಲಿ ಬೆಂಚು. ನಿಮ್ಮ ಹುಡುಗ ನಿಂತದ್ದು ಚಹಾದ ಬಾಯ್ಲರಿನ ಹತ್ತಿರ, ಸ್ವಲ್ಪ ಈಚೆಗೆ ಬರ್ಲಿಕ್ಕೆ ಹೇಳಿ, ಬಿಸಿ ಉಂಟು."

ಯಾರೂ ನಗಲಿಲ್ಲ. ಇವರ ದನಿಯಲ್ಲಿ ತಮಾಷೆ ಇರಲಿಲ್ಲ, ದುಃಖವೂ ಇರಲಿಲ್ಲ. ಗಲ್ಲಾದಲ್ಲಿ ಕೂತು ಗಿರಾಕಿಗೆ ಜಾಗ ತೋರಿಸುವ ಅದೇ ದನಿ. ಎರಡು ವರ್ಷದಿಂದ ಅದನ್ನು ನಾನು ಕೇಳಿರಲಿಲ್ಲ. ಶ್ರವಣ್ ನಿಜವಾಗಿಯೂ ಎರಡು ಹೆಜ್ಜೆ ಈಚೆಗೆ ಬಂದ. ಆ ಕ್ಷಣವೇ ಹುಡುಗ ನನಗೆ ಒಪ್ಪಿಗೆಯಾದ.

ಅಜ್ಜಿ ನೆಲ ನೋಡಿದರು, ಇವರ ಮುಖ ನೋಡಿದರು. ಆಮೇಲೆ ಕೇಳಿದರು, "ಬನ್ಸ್ ಉಂಟಂತಲ್ಲ? ಮೀನಿನವಳು ಹೇಳಿದಳು."

"ಉಂಟು! ಬಿಸಿಬಿಸಿ ಉಂಟು!" ಎಂದು ನಾನೇ ಕೂಗಿದೆ. ಎಲ್ಲರಿಗೂ ಬೆಲ್ಲ ನೀರು ಕೊಟ್ಟೆ. ಅಷ್ಟರಲ್ಲಿ ಆಸ್ಯಮ್ಮ ಕೋಲೂರಿಕೊಂಡು ತನ್ನ ಮನೆಯಿಂದ ಬಂದು, ಸ್ವಲ್ಪ ದೂರದಲ್ಲೇ ನಿಂತಳು. ಇವರು ಅವಳನ್ನು ಕಂಡು, "ಅಲ್ಲೇ ಯಾಕೆ ನಿಂತಿರಿ ಆಸ್ಯಮ್ಮ? ಬನ್ನಿ" ಎಂದರು.

"ಹೇಗೆ ಬರುವುದು ಮುಂಡಪ್ಪಣ್ಣ? ನಡುವೆ ನಿಮ್ಮ ಗೋಡೆ ಉಂಟಲ್ಲ. ಸುತ್ತಿ ಬರ್ತೇನೆ."

"ನನ್ನದಲ್ಲ, ಬ್ಯಾರಿಗಳದ್ದು" ಎಂದರು ಇವರು. ಆಸ್ಯಮ್ಮ ಬಾಯಿ ತುಂಬ ನಕ್ಕಳು. ನಕ್ಕು, ಎದುರಿನ ಜಗಲಿ ಇದ್ದಷ್ಟು ದೂರ ಸುತ್ತಿ, ನಮ್ಮ ಎದುರುಬಾಗಿಲಿದ್ದ ಕಡೆಯಿಂದಲೇ ಒಳಗೆ ಬಂದಳು.

ಶೋಧನ್‌ನ ಕಾರು ಬಂದು ನಿಂತದ್ದು ಆಗ. ದಾರಿಯಲ್ಲಿ ಎದುರಾಗಿ ಹೋದ ಟೆಂಪೋವನ್ನು ಗುರುತಿಸದೆ ಉಜಿರೆ ಮುಟ್ಟಿ, ರಿಕ್ಷಾದವನಿಂದ ವಿಷಯ ತಿಳಿದು ಹಿಂದಿರುಗಿದ್ದ. ಕಾರಿನಿಂದ ಇಳಿದವನು ಅಪ್ಪ ರಸ್ತೆಯಲ್ಲಿ ನಿಂತದ್ದನ್ನು ಕಂಡು ಬಾಗಿಲು ಹಾಕುವುದನ್ನೇ ಮರೆತ.

"ಬನ್ನಿ, ಮುಹೂರ್ತ ಆಗ್ತಾ ಬಂತು. ಹಿಂಬಾಗಿಲಿನಿಂದ ಹೋದರೆ ಮನೆಯೇ" ಎಂದು ಇವರು ಚರಂಡಿಯ ಚಪ್ಪಡಿಯ ಕಡೆಗೆ ನಡೆದರು. ಅಜ್ಜಿ, ಹುಡುಗ, ಹೆಂಗಸರು, ರೇಗಿದ್ದ ಮಾವ, ಎಲ್ಲರೂ ಸಾಲಾಗಿ ಹಿಂದೆ ಹೊರಟರು. ಶರೀಫ್ ಬಸ್ಸಿಗೆ ರೈಟ್ ಹೇಳುವುದನ್ನು ಬಿಟ್ಟು ನೋಡುತ್ತ ನಿಂತಿದ್ದ. ಚಪ್ಪಡಿ ದಾಟಿ ನಮ್ಮ ಅಂಗಳದ ದಾರಿ ಶುರುವಾಗುವಲ್ಲಿ ಇವರು ಬಗ್ಗಿ ದಾಟಿದರು. ದಾಟಿ, ಹಿಂದಿರುಗಿ ನೋಡದೆ, ಘಾಟಿಯವರೆಗೂ ಕೇಳುವ ಹಾಗೆ ಕೂಗಿದರು.

"ತಲೆ!"

ಅಜ್ಜಿ ಬಗ್ಗಿದರು. ಶ್ರವಣ್ ಬಗ್ಗಿದ. ಹೆಂಗಸರು ಮಲ್ಲಿಗೆ ಹಿಡಿದುಕೊಂಡು ಬಗ್ಗಿದರು, ಮಾವ ಎಲ್ಲರಿಗಿಂತ ಹೆಚ್ಚೇ ಬಗ್ಗಿದ. ಬಸ್ಸಿನ ಮೆಟ್ಟಿಲಲ್ಲಿ ಇದ್ದ ಶರೀಫನೂ ಅಲ್ಲಿಂದಲೇ ಕುತ್ತಿಗೆ ತಗ್ಗಿಸಿದ. ಬೀಗರ ಹಿಂದೆ ಬಂದವನು ಶೋಧನ್. ಹೋಟೆಲು ಎಲ್ಲುಂಟು ಎಂದು ಕೇಳಿದ ನನ್ನ ಮಗ ಆ ಜಾಗಕ್ಕೆ ಬಂದಾಗ ಒಂದು ಕೈ ಹಣೆಯ ಗುರುತಿಗೆ ಹೋಯಿತು. ಅವರೆಲ್ಲ ದಾಟುವವರೆಗೆ ನಿಂತು, ಆಮೇಲೆ ಚೆನ್ನಾಗಿ ಬಗ್ಗಿ ಒಳಗೆ ಹೋದ. ಅವನ ಕಣ್ಣು ಒದ್ದೆಯಾಗಿತ್ತು, ನನ್ನದೂ ಆಗಿತ್ತು.

ಖಾಲಿ ತಟ್ಟೆ ಹಿಡಿದು ಎಲ್ಲರ ಹಿಂದೆ ಉಳಿದದ್ದು ನಾನು. ಆ ಬಾಗಿಲಲ್ಲಿ ನನಗೆ ಯಾವತ್ತೂ ಬಗ್ಗಬೇಕಾಗಿರಲಿಲ್ಲ. ಅವತ್ತೂ ತಲೆ ಎತ್ತಿಕೊಂಡೇ ದಾಟಿದೆ.